ವಲಸೆ ಬಂದ ಹಿರಿಯರ ಚರಿತ್ರೆ: ಹಂಬಲ ಮತ್ತು ಆಧಾರ

೧

ಹೊರನಾಡ ಕನ್ನಡಿಗರ ಮೂರನೆಯ ತಲೆಮಾರಿನಲ್ಲಿ ಒಂದು ಹಂಬಲ ಕಾಣಿಸಿಕೊಂಡಿದೆ. ತಮ್ಮ ಅಜ್ಜ ಅಜ್ಜಿಯರು ಯಾವ ಕಾರಣಕ್ಕೆ ಊರು ಬಿಟ್ಟು ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಬಂದರು, ಬಂದವರು ಮೊದಲು ಎಲ್ಲಿ ತಂಗಿದರು, ಯಾರ ಕೈಕೆಳಗೆ ದುಡಿದರು ಎಂಬುದನ್ನು ಮೊಮ್ಮಕ್ಕಳು ತಿಳಿಯಬಯಸುತ್ತಿದ್ದಾರೆ. ಹೇಳಬಲ್ಲವರು ಇದ್ದಾಗ ಪ್ರಶ್ನೆ ಹುಟ್ಟಿರಲಿಲ್ಲ; ಪ್ರಶ್ನೆ ಹುಟ್ಟಿದಾಗ ಹೇಳಬಲ್ಲವರು ಉಳಿದಿಲ್ಲ. ಈ ಹಂಬಲವನ್ನು ತಣಿಸಲು ನಮ್ಮಲ್ಲಿ ಸಿದ್ಧವಾಗಿರುವ ಪ್ರಕಾರವೆಂದರೆ ಸಂಸ್ಮರಣ ಗ್ರಂಥ. ಅದರ ಕಥನದ ಜಾಡು ಎಲ್ಲರಿಗೂ ಪರಿಚಿತವಾದುದು: ಹಿರಿಯರು ಬರಿಗೈಯಲ್ಲಿ ಬಂದರು, ಕಷ್ಟಪಟ್ಟರು, ಮೇಲೆ ಬಂದರು. ಕಷ್ಟಪಟ್ಟೂ ಮೇಲೆ ಬಾರದವರಿಗೆ ಅಲ್ಲಿ ಪುಟವಿಲ್ಲ. ಅಜ್ಜಿಗೆ ಹೆಚ್ಚೆಂದರೆ ಒಂದು ವಾಕ್ಯವಿರುತ್ತದೆ.

ಈ ಹಂಬಲಕ್ಕೆ ಬೇರೊಂದು ವಿಧಾನ ಸಾಧ್ಯವೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಫ್ರೆಂಚ್ ಚರಿತ್ರಕಾರ ಇವಾನ್ ಜಬ್ಲೊಂಕಾ ಅವರು ೨೦೧೨ರಲ್ಲಿ ಪ್ರಕಟಿಸಿದ ಕೃತಿಯೊಂದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ೨೦೧೬ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡ ಈ ಕೃತಿಯ ಶೀರ್ಷಿಕೆಯನ್ನು ಕನ್ನಡದಲ್ಲಿ 'ನನಗೆ ಇಲ್ಲದೆಹೋದ ಅಜ್ಜ ಅಜ್ಜಿಯರ ಚರಿತ್ರೆ' ಎಂದು ಹೇಳಬಹುದು. ಅದರ ವಸ್ತು ನಮ್ಮ ಅನುಭವಕ್ಕಿಂತ ಬಹು ಘೋರವಾದುದು. ಆದುದರಿಂದ ನಾವಿಲ್ಲಿ ಹೋಲಿಸಬಯಸುವುದು ಅನುಭವಗಳನ್ನಲ್ಲ, ವಿಧಾನವನ್ನು ಮಾತ್ರ.

೨

ಪೋಲೆಂಡಿನ ಪೂರ್ವಭಾಗದಲ್ಲಿರುವ ಪಾರ್ಚೆವ್ ಎಂಬ ಸಣ್ಣ ಪಟ್ಟಣದ ಯಹೂದಿ ಕುಟುಂಬಗಳಲ್ಲಿ ೧೯೦೯ರಲ್ಲಿ ಮಾತೇಸ್, ೧೯೧೪ರಲ್ಲಿ ಇದೇಸಾ ಹುಟ್ಟಿದರು. ಮಾತೇಸನದು ಚರ್ಮದ ಜೀನು ಮಾಡುವ ಕಸುಬು. ಇಬ್ಬರೂ ನಿಷೇಧಿತ ಕಮ್ಯುನಿಸ್ಟ್ ಪಕ್ಷದಲ್ಲಿ ದುಡಿದು ಸೆರೆಮನೆ ಕಂಡರು. ೧೯೩೭ರಲ್ಲಿ ಮಾತೇಸ್ ಫ್ರಾನ್ಸಿಗೆ ಬಂದನು. ಬಳಿಕ ಇದೇಸಾ ಅವನನ್ನು ಕೂಡಿಕೊಂಡಳು. ಪ್ಯಾರಿಸಿನ ಕಾರ್ಮಿಕರ ಕೇರಿಯಲ್ಲಿ ಸರಿಯಾದ ಕಾಗದಪತ್ರಗಳಿಲ್ಲದೆ, ಗಡೀಪಾರಿನ ಭಯದಲ್ಲಿ ಬದುಕಿದ ಈ ದಂಪತಿಗಳಿಗೆ ೧೯೩೯ರಲ್ಲಿ ಮಗಳೂ ೧೯೪೦ರಲ್ಲಿ ಮಗನೂ ಹುಟ್ಟಿದರು. ೧೯೪೩ರ ಫೆಬ್ರವರಿ ೨೫ರಂದು ಪೊಲೀಸರು ಇಬ್ಬರನ್ನೂ ಬಂಧಿಸಿದರು. ಒಂದು ವಾರ ತುಂಬುವ ಮೊದಲೇ, ಮಾರ್ಚ್ ೨ರಂದು, ದ್ರಾನ್ಸಿ ಶಿಬಿರದಿಂದ ಹೊರಟ ರೈಲು ಅವರನ್ನು ಆಶ್ವಿಟ್ಸಿಗೆ ಒಯ್ದಿತು. ಮಕ್ಕಳು ಅನ್ಯರ ಆಶ್ರಯದಲ್ಲಿ ಉಳಿದುಕೊಂಡರು. ಆ ಮಗನ ಮಗನೇ ಈ ಕೃತಿಯ ಕರ್ತೃ.

ಮೊಮ್ಮಗನಿಗೆ ಮನೆಯಲ್ಲಿ ದೊರೆತದ್ದು ಕೆಲವು ಪತ್ರಗಳು ಮತ್ತು ಬೆರಳೆಣಿಕೆಯ ಭಾವಚಿತ್ರಗಳು. ಉಳಿದುದನ್ನು ಅವರು ಹಲವು ದೇಶಗಳ ದಫ್ತರಖಾನೆಗಳಲ್ಲಿಯೂ ಅರ್ಜೆಂಟೀನಾ, ಇಸ್ರೇಲುಗಳವರೆಗೆ ಚದುರಿದ ಬಂಧುಗಳ ನೆನಪಿನಲ್ಲಿಯೂ ಅರಸಿದರು. ಈ ಶೋಧದಲ್ಲಿ ನಮ್ಮ ಗಮನ ಸೆಳೆಯುವ ಸಂಗತಿ ಒಂದಿದೆ. ಆಧಾರಗಳಲ್ಲಿ ಬಹುಪಾಲು ಆ ದಂಪತಿಗಳನ್ನು ಬೇಡವೆಂದವರು ಬರೆದಿಟ್ಟವು. ಪೋಲೆಂಡಿನ ನ್ಯಾಯಾಲಯ ಅವರ ಅಪರಾಧವನ್ನು ದಾಖಲಿಸಿತು. ಫ್ರಾನ್ಸಿನ ಪೊಲೀಸ್ ಕಡತ ಅವರ ಅನಧಿಕೃತ ವಾಸವನ್ನು ಗುರುತಿಸಿತು. ಶಿಬಿರದ ಪಟ್ಟಿ ಅವರ ಹೆಸರುಗಳನ್ನು ಬರೆದುಕೊಂಡಿತು. ಅಳಿಸಲು ಹೊರಟವರ ಲೆಕ್ಕಣಿಕೆಯೇ ಅವರನ್ನು ಉಳಿಸಿಕೊಟ್ಟಿತು. ಮೊಮ್ಮಗ ತನ್ನ ಅಜ್ಜನ ಮುಖವನ್ನು ವೈರಿಯ ಕಣ್ಣಿನಿಂದಲೇ ನೋಡಬೇಕಾದ ಈ ಸಂಕಟವನ್ನು ಕೃತಿ ಮರೆಮಾಚುವುದಿಲ್ಲ.

ಎರಡನೆಯ ಗುಣವೆಂದರೆ ಆಧಾರವಿರುವ ಮಾತಿಗೂ ಊಹೆಯ ಮಾತಿಗೂ ನಡುವಿನ ಗೆರೆ ಓದುಗನಿಗೆ ಕಾಣುವಂತಿರುವುದು. ಒಂದು ಸಂಗತಿಗೆ ಎರಡು ಮೂರು ವಿವರಣೆಗಳು ಸಾಧ್ಯವಾದಾಗ ಅವನ್ನು ಪಕ್ಕಪಕ್ಕದಲ್ಲಿಡಲಾಗಿದೆ. ಶೋಧಕನು 'ನಾನು' ಎಂದು ಮುಂದೆ ಬರುವುದು ಆತ್ಮಪ್ರದರ್ಶನಕ್ಕಲ್ಲ. ತಾನು ಎಲ್ಲಿ ನಿಂತು ನೋಡುತ್ತಿದ್ದೇನೆಂದು ತಿಳಿಸುವುದಕ್ಕೆ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಕೆಲವೆಡೆ ಹಿನ್ನೆಲೆಯ ವಿವರ ದಟ್ಟವಾಗಿ ದಂಪತಿಗಳಿಬ್ಬರೂ ಅದರಲ್ಲಿ ಮುಳುಗಿಹೋಗುತ್ತಾರೆ. ಆಶ್ವಿಟ್ಸಿನಲ್ಲಿ ಮಾತೇಸನಿಗೆ ಏನಾಗಿರಬಹುದೆಂಬ ಕೊನೆಯ ಭಾಗದಲ್ಲಿ ಊಹೆಯ ಭಾರವನ್ನು ಆಧಾರ ಹೊರಲಾರದೆಂದು ನಮಗೆ ತೋರುತ್ತದೆ. ಇದೇಸಾಳ ಚಿತ್ರ ಮಾತೇಸನದಕ್ಕಿಂತ ಮಸುಕಾಗಿಯೇ ಉಳಿದಿದೆ. ಆದರೆ ಗೆರೆ ಎಲ್ಲಿದೆಯೆಂದು ತಿಳಿಸಿರುವುದರಿಂದಲೇ ಈ ದೋಷಗಳನ್ನು ನಾವು ಎತ್ತಿ ಹೇಳಲು ಸಾಧ್ಯವಾಗಿದೆ. ಎಲ್ಲವನ್ನೂ ಒಂದೇ ಬಣ್ಣದಲ್ಲಿ ಬರೆದ ಗ್ರಂಥದೊಡನೆ ವಾದ ಮಾಡಲು ಬರುವುದಿಲ್ಲ. ಒಪ್ಪಬೇಕು ಅಥವಾ ಬಿಡಬೇಕು.

೩

ತೀರಿಹೋದ ಹಿರಿಯರ ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಕಾರ್ಯ ಕನ್ನಡಕ್ಕೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರನ್ನು ಹದಿನೈದನೆಯ ಶತಮಾನದಲ್ಲಿ ಒಂದೆಡೆ ಕೂಡಿಸಿ ಮಾತನಾಡಿಸಿದ 'ಶೂನ್ಯಸಂಪಾದನೆ' ಇಂತಹ ಮಹತ್ವದ ಪ್ರಯತ್ನ. ನಡುವಿನ ಸುಮಾರು ಮುನ್ನೂರು ವರ್ಷಗಳ ಅಂತರವನ್ನು ಸಂಪಾದನಕಾರರು ಸಂವಾದದಿಂದ ತುಂಬಿದರು. ಅಲ್ಲಿ ಅವರು ಅರಸಿದ್ದು ಚರಿತ್ರೆಯನ್ನಲ್ಲ, ಅನುಭಾವದ ಅರ್ಥವನ್ನು. ಆ ಉದ್ದೇಶಕ್ಕೆ ಆ ವಿಧಾನ ತಕ್ಕುದೇ ಆಗಿತ್ತು.

ಆ ಶರಣರಲ್ಲಿ ವಲಸೆ ಬಂದ ದಂಪತಿಗಳೂ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಮೋಳಿಗೆಯ ಮಾರಯ್ಯ ಮತ್ತು ಅವನ ಪತ್ನಿ ಮಹಾದೇವಿ ದೂರದ ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದವರೆಂದು ಸಂಪ್ರದಾಯ ಹೇಳುತ್ತದೆ. ಮಾರಯ್ಯ ಕಟ್ಟಿಗೆಯ ಹೊರೆ ಮಾರಿ ಬದುಕಿದವನು. ಆದರೆ ಸಂಪ್ರದಾಯ ಅಷ್ಟಕ್ಕೇ ನಿಲ್ಲದೆ, ಅವನು ಮೊದಲು ಕಾಶ್ಮೀರದ ಅರಸನಾಗಿದ್ದನೆಂದೂ ಹೇಳುತ್ತದೆ. ತ್ಯಾಗದ ಮಹಿಮೆಯನ್ನು ಸಾರಲು ಪುರಾಣಕ್ಕೆ ಆ ಅರಸುತನ ಬೇಕಾಗಿರಬಹುದು. ನಮ್ಮ ಕುತೂಹಲವಾದರೋ ಆ ಕಟ್ಟಿಗೆಯ ಹೊರೆಯಲ್ಲಿದೆ: ಭಾಷೆ ತಿಳಿಯದ ಊರಿನಲ್ಲಿ ಮೊದಲ ಹೊರೆಯನ್ನು ಅವನು ಹೇಗೆ ಮಾರಿದನು? ಮಹಾದೇವಿ ಕನ್ನಡವನ್ನು ಯಾರಿಂದ ಕಲಿತಳು? ಗಂಡನ 'ನಿಃಕಳಂಕ ಮಲ್ಲಿಕಾರ್ಜುನ' ಎಂಬ ಅಂಕಿತಕ್ಕೆ 'ಎನ್ನಯ್ಯಪ್ರಿಯ ಇಮ್ಮಡಿ' ಎಂದು ಸೇರಿಸಿಕೊಂಡು ತನ್ನದೇ ಅಂಕಿತವನ್ನು ರೂಪಿಸಿಕೊಂಡವಳು ಆಕೆ. ಅವಳ ವಚನಗಳು ಇಲ್ಲದಿದ್ದರೆ ಅವಳೂ ಒಂದು ವಾಕ್ಯದ ಅಜ್ಜಿಯೇ ಆಗಿಬಿಡುತ್ತಿದ್ದಳು.

ಹಿರಿಯರನ್ನು ದೊಡ್ಡವರನ್ನಾಗಿಸುವ ಆಸೆ ಹೀಗೆ ಹಳೆಯದು, ಸಹಜವಾದುದು. ಆದರೆ ದೊಡ್ಡವರನ್ನಾಗಿಸುವುದೂ ತಿಳಿಯುವುದೂ ಒಂದೇ ಅಲ್ಲ. ನಮ್ಮ ಸಂಸ್ಮರಣ ಗ್ರಂಥಗಳು ಪುರಾಣದ ಉದ್ದೇಶವಿಲ್ಲದೆ ಪುರಾಣದ ವಿಧಾನವನ್ನು ಮಾತ್ರ ಎರವಲು ಪಡೆದಿವೆ.

೪

ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ ಹುಟ್ಟಿ ಬೆಳೆದ ಯುವಕರೊಬ್ಬರು ಒಂದು ಚಿಕ್ಕ ಕಟ್ಟನ್ನು ನಮ್ಮಲ್ಲಿಗೆ ತಂದರು. ಅವರ ಅಜ್ಜ ಊರಿನಿಂದ ಹಡಗಿನಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿದವರು. ಅವರು ಅಜ್ಜಿಗೆ ಕಳುಹಿಸಿದ ಮನಿಆರ್ಡರುಗಳ ಕೂಪನ್ನುಗಳು ಊರಿನ ಮನೆಯ ಪೆಟ್ಟಿಗೆಯಲ್ಲಿ ಉಳಿದಿದ್ದವು. ಯುವಕರಿಗೆ ಕನ್ನಡ ಓದಲು ಬಾರದು. ನಾವು ಓದಿ ಹೇಳಿದೆವು. ಪ್ರತಿಯೊಂದರಲ್ಲಿಯೂ ಹಣದ ಮೊತ್ತ, ತಾನು ಕ್ಷೇಮವೆಂಬ ಮಾತು, ಜೊತೆಗೆ ಒಂದೋ ಎರಡೋ ಪ್ರಶ್ನೆ: ಮಾಡಿಗೆ ಹುಲ್ಲು ಹೊದಿಸಿ ಆಯಿತೇ, ಮಗುವಿನ ಕೆಮ್ಮು ವಾಸಿಯಾಯಿತೇ. ನಡುವೆ ಐದು ತಿಂಗಳ ಚೀಟಿಗಳು ಇರಲಿಲ್ಲ. ಆ ತಿಂಗಳುಗಳಲ್ಲಿ ಅಜ್ಜ ಸ್ವಂತ ಹೋಟೆಲು ತೆರೆಯಲು ಹಣ ಕೂಡಿಡುತ್ತಿದ್ದರೆಂದು ಬರೆಯಬಹುದೇ ಎಂದು ಅವರು ಕೇಳಿದರು. ಕೆಲಸ ಹೋಗಿರಬಹುದು, ಕಾಯಿಲೆ ಬಿದ್ದಿರಬಹುದು, ಚೀಟಿಗಳೇ ಕಳೆದುಹೋಗಿರಬಹುದು. ಐದು ತಿಂಗಳು ಹಣ ಬಂದುದು ಕಾಣುವುದಿಲ್ಲವೆಂದಷ್ಟೇ ಬರೆಯಿರಿ ಎಂದೆವು. ಅವರ ಮುಖ ಬಾಡಿತು. ಸ್ವಲ್ಪ ಹೊತ್ತಿನ ಬಳಿಕ ಅವರೇ, ಹಾಗಾದರೆ ಆ ಐದು ತಿಂಗಳು ಅಜ್ಜಿ ಮನೆ ಹೇಗೆ ನಡೆಸಿದರು ಎಂದು ಕೇಳಿದರು.

ನಮ್ಮ ವಾದ ಈ ಪ್ರಶ್ನೆಯಲ್ಲಿಯೇ ಅಡಕವಾಗಿದೆ. ತೆರವನ್ನು ಹೆಮ್ಮೆಯಿಂದ ತುಂಬಿದ್ದರೆ ಅಜ್ಜಿ ಕಾಣಿಸುತ್ತಿರಲಿಲ್ಲ. ತೆರವನ್ನು ತೆರವಾಗಿ ಉಳಿಸಿದುದರಿಂದ ಆಕೆ ಕಾಣಿಸಿದಳು. ತಿಳಿಯದುದನ್ನು ತಿಳಿಯದೆಂದು ಬರೆಯುವುದು ಶೋಧದ ಸೋಲಲ್ಲ, ಮುಂದಿನ ಶೋಧಕ್ಕೆ ದಾರಿ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾಗದು. ಪ್ಯಾರಿಸಿನ ಮೊಮ್ಮಗನಿಗೆ ತನ್ನ ಹಿರಿಯರ ಯಿಡ್ಡಿಷ್ ಪತ್ರಗಳನ್ನು ಓದಲು ಅನ್ಯರ ನೆರವು ಬೇಕಾಯಿತು. ಆ ಭಾಷೆಯನ್ನಾಡುವವರಲ್ಲಿ ಬಹುಮಂದಿ ಆ ಹತ್ಯಾಕಾಂಡದಲ್ಲಿಯೇ ಮಡಿದಿದ್ದರು. ನಮ್ಮ ಮೊಮ್ಮಕ್ಕಳ ಸ್ಥಿತಿ ಹಾಗಿಲ್ಲ. ಕನ್ನಡ ಬದುಕಿದೆ, ಓದಬಲ್ಲವರಿದ್ದಾರೆ. ಆದರೂ ಹಿರಿಯರು ತೀರಿಕೊಂಡ ಮನೆಗಳಿಂದ ಪತ್ರ, ಕೂಪನ್ನು, ಲೆಕ್ಕದ ಪುಸ್ತಕಗಳು ಓದುವವರಿಲ್ಲವೆಂಬ ಕಾರಣಕ್ಕೆ ರದ್ದಿಗೆ ಹೋಗುತ್ತಿವೆ. ಶಾಸನದ ಒಂದು ತುಂಡು ಸಿಕ್ಕರೆ ನಾವು ಅಚ್ಚು ತೆಗೆದು, ಪಾಠ ನಿರ್ಣಯಿಸಿ, ತ್ರುಟಿತ ಭಾಗವನ್ನು ಚುಕ್ಕೆಗಳಿಂದ ಗುರುತಿಸಿ ಪ್ರಕಟಿಸುತ್ತೇವೆ. ಹೋಟೆಲಿನಲ್ಲಿ ದುಡಿದವನ ಹಸ್ತಾಕ್ಷರಕ್ಕೂ ಅದೇ ಮರ್ಯಾದೆ, ಅದೇ ಚುಕ್ಕೆಗಳು ಸಲ್ಲಬೇಕು. ಹೊರನಾಡಿನ ಕನ್ನಡ ವಿಭಾಗಗಳು ಮಾಡಬಹುದಾದ, ಮಾಡದಿದ್ದರೆ ಮುಂದೆ ಯಾರೂ ಮಾಡಲಾಗದ ಕೆಲಸವಿದು.