ಪೆಟ್ರಾರ್ಕನ ಎರಡು ಸಂಕೋಲೆಗಳು

ಯುರೋಪಿನ ಪುನರುಜ್ಜೀವನ ಯುಗದ ಕವಿಗಳು ದೇವರಿಂದ ವಿಮುಖರಾಗಿ ಮನುಷ್ಯನತ್ತ ತಿರುಗಿದರೆಂಬ ಮಾತು ನಮ್ಮ ವಿಮರ್ಶೆಯಲ್ಲಿ ರೂಢವಾಗಿದೆ. ಆ ಯುಗದ ಹೊಸ್ತಿಲಲ್ಲಿ ನಿಂತ ಇಟಲಿಯ ಕವಿ ಫ್ರಾನ್ಸೆಸ್ಕೊ ಪೆಟ್ರಾರ್ಕನನ್ನು (1304-1374) ಓದಿದವರಿಗೆ ಇದು ಅರ್ಧಸತ್ಯವೆಂದು ತೋರದೆ ಇರದು. ಅವನು ತಿರುಗಿದುದು ದಿಟ. ತಿರುಗಿದ ಮೇಲೆ ನೆಮ್ಮದಿಯಿಂದಿದ್ದನೆಂಬುದು ದಿಟವಲ್ಲ.

1327ರ ಏಪ್ರಿಲ್ 6ರಂದು ಅವಿನ್ಯೋನ್ ನಗರದ ಚರ್ಚೊಂದರಲ್ಲಿ ಲಾರಾ ಎಂಬವಳನ್ನು ಮೊದಲು ಕಂಡುದನ್ನೂ, 1348ರಲ್ಲಿ ಅದೇ ತಿಂಗಳ ಅದೇ ದಿನ ಅವಳು ತೀರಿಕೊಂಡುದನ್ನೂ ಪೆಟ್ರಾರ್ಕನು ತನ್ನ ವರ್ಜಿಲನ ಹಸ್ತಪ್ರತಿಯ ಹಾಳೆಯೊಂದರಲ್ಲಿ ಬರೆದಿಟ್ಟಿದ್ದಾನೆ. ಅವಳ ಹೆಸರಿಗೂ ಕವಿಗಳಿಗೆ ತೊಡಿಸುವ ಲಾರೆಲ್ ಎಲೆಗಳ ಕಿರೀಟಕ್ಕೂ ಶಬ್ದದಲ್ಲಿ ನಂಟುಂಟು. ಆ ಕಿರೀಟವು 1341ರಲ್ಲಿ ರೋಮಿನಲ್ಲಿ ಅವನಿಗೆ ದೊರೆಯಿತು. ಹೀಗೆ ಪ್ರೇಮವೂ ಕೀರ್ತಿಯೂ ಒಂದೇ ಶಬ್ದದಲ್ಲಿ ಹೆಣೆದುಕೊಂಡುವು.

ಈ ಹೆಣಿಗೆಯನ್ನು ಅವನೇ ಬಿಡಿಸಿ ನೋಡಿದ ಕೃತಿ ಲ್ಯಾಟಿನ್ ಗದ್ಯದ ‘ಸೆಕ್ರೆಟುಮ್’. ಅದರಲ್ಲಿ ಸಂತ ಅಗಸ್ಟೀನನು ಮೂರು ದಿನ ಕವಿಯನ್ನು ವಿಚಾರಿಸಿಕೊಳ್ಳುತ್ತಾನೆ. ಸತ್ಯವು ಸ್ತ್ರೀರೂಪದಲ್ಲಿ ಮೌನವಾಗಿ ಕುಳಿತು ಕೇಳುತ್ತದೆ. ಪ್ರೇಮ ಮತ್ತು ಕೀರ್ತಿ ಇವೆರಡೇ ನಿನ್ನನ್ನು ಬಿಗಿದ ಸಂಕೋಲೆಗಳೆಂದು ಸಂತನು ಮೂರನೆಯ ದಿನ ಹೇಳುತ್ತಾನೆ. ಕವಿ ವಾದಿಸುತ್ತಾನೆ, ಸೋಲುತ್ತಾನೆ, ಒಪ್ಪುತ್ತಾನೆ. ಆದರೆ ಕೊನೆಯಲ್ಲಿ, ಕೈಹಿಡಿದ ಕೆಲಸಗಳನ್ನು ಮೊದಲು ಮುಗಿಸಿ ಆಮೇಲೆ ಆತ್ಮದ ಕಡೆ ತಿರುಗುವೆನೆನ್ನುತ್ತಾನೆ! ಭಕ್ತನ ಸಂಕಟವನ್ನು ಬಲ್ಲವರಿಗೆ ಈ ‘ಆಮೇಲೆ’ ಎಂಬುದರ ಭಾರ ತಿಳಿಯದೆ ಹೋಗದು. ಈ ಒಂದು ಪ್ರಾಮಾಣಿಕತೆಗಾಗಿಯೇ ಗ್ರಂಥವು ಅಮೂಲ್ಯವೆಂದು ನಮ್ಮ ಭಾವನೆ.

ಅವನು ಕೀರ್ತಿಯನ್ನು ಬಯಸಿದುದು ‘ಆಫ್ರಿಕಾ’ ಎಂಬ ಲ್ಯಾಟಿನ್ ಮಹಾಕಾವ್ಯದಿಂದ. ಅದು ಮುಗಿಯಲೇ ಇಲ್ಲ. ದೇಶಭಾಷೆಯ ಪದ್ಯಗಳಿಗೆ ‘ತುಣುಕುಗಳು’ ಎಂಬ ಅರ್ಥದ ಹೆಸರಿಟ್ಟನು. ಆ ತುಣುಕುಗಳೇ ಅವನನ್ನು ಉಳಿಸಿದುವು. ಅವುಗಳ ಸಾನೆಟ್ ರೂಪವು ಇಂಗ್ಲಿಷಿನ ಮೂಲಕ ಕನ್ನಡಕ್ಕೂ ಬಂದು ಸುನೀತವೆನಿಸಿತು.

ಈ 366 ಪದ್ಯಗಳ ಸಂಕಲನವು ಮೇರಿಮಾತೆಯ ಪ್ರಾರ್ಥನೆಯಿಂದ ಮುಗಿಯುವುದನ್ನು ಕಂಡು, ಇದು ಶರಣಾಗತಿಯ ಕಾವ್ಯವೆಂದು ಸಂತೋಷಪಡುವ ಓದುಗರುಂಟು. ನಮಗೆ ಅಷ್ಟು ಸುಲಭವಾಗಿ ಒಪ್ಪಲಾಗದು. ನಮ್ಮ ವಚನಕಾರರು ವಚನದ ಕೊನೆಗೆ ತಮ್ಮ ಹೆಸರನ್ನಿಡದೆ ಇಷ್ಟದೈವದ ಅಂಕಿತವನ್ನಿಟ್ಟರು. ಆ ಅಳತೆಗೋಲಿನಿಂದ ಪೆಟ್ರಾರ್ಕನನ್ನು ಅಳೆಯುವುದು ಅನ್ಯಾಯವಾದೀತು. ಅಳೆಯದೆಯೇ ಅವನನ್ನು ಶರಣರ ಸಾಲಿಗೆ ಸೇರಿಸುವುದೂ ಅನ್ಯಾಯವೇ. ವ್ಯಾಟಿಕನ್ ಗ್ರಂಥಾಲಯದಲ್ಲಿರುವ, ಒಂದು ಭಾಗ ಅವನ ಕೈಬರಹವೇ ಆದ ಪ್ರತಿಯಲ್ಲಿ ಕೊನೆಯ 31 ಪದ್ಯಗಳ ಅಂಚಿಗೆ ಅವನು ಹೊಸ ಸಂಖ್ಯೆಗಳನ್ನು ಹಾಕಿ ಅವುಗಳ ಕ್ರಮವನ್ನು ಬದಲಿಸಿದ್ದಾನೆ. ಪಶ್ಚಾತ್ತಾಪವು ಓದುಗನಿಗೆ ಯಾವ ಸರದಿಯಲ್ಲಿ ಕಾಣಬೇಕೆಂಬುದನ್ನು ಆ ಮುದುಕನು ಸಾಯುವ ಕಾಲದವರೆಗೂ ತೂಗಿನೋಡುತ್ತಿದ್ದನು. ಪ್ರಾರ್ಥನೆಯಲ್ಲಿ ಕಪಟವಿದೆಯೆಂದು ನಾವು ಹೇಳುವುದಿಲ್ಲ; ಎರಡನೆಯ ಸಂಕೋಲೆ ಆಗಲೂ ಕಾಲಲ್ಲಿಯೇ ಇದ್ದಿತು.