ಮುದಿ ನಾಯಿಯ ನೋವನ್ನು ಅಳೆಯುವವರು ಯಾರು?

ಹತ್ತು ವರ್ಷ ದಾಟಿದ ಲ್ಯಾಬ್ರಡಾರ್ ಒಂದು ನುಣುಪು ಟೈಲ್ಸ್ ಮೇಲಿಂದ ಏಳುವುದನ್ನು ಗಮನವಿಟ್ಟು ನೋಡಿದರೆ ಅದರ ಕೀಲುಗಳ ಸ್ಥಿತಿ ಮುಕ್ಕಾಲು ಪಾಲು ಅಲ್ಲೇ ತಿಳಿಯುತ್ತದೆ. ಮೊದಲು ಮುಂಗಾಲು ಊರಿ ಎದೆ ಎತ್ತುತ್ತದೆ. ಆಮೇಲೆ ಹಿಂಭಾಗವನ್ನು ಎಳೆದುಕೊಂಡು ಬರುವ ಹಾಗೆ ಮುಂದಕ್ಕೆ ವಾಲುತ್ತದೆ. ಹಿಂಗಾಲು ಒಮ್ಮೆ ಜಾರುತ್ತದೆ, ಉಗುರು ನೆಲ ಕೆರೆಯುತ್ತದೆ, ಎರಡನೇ ಸಲಕ್ಕೆ ಕಾಲು ನಿಲ್ಲುತ್ತದೆ. ಮೊದಲ ಕೆಲವು ಹೆಜ್ಜೆ ಬಿಗಿ, ಆಮೇಲೆ ಸ್ವಲ್ಪ ಸಡಿಲ. ಮಲವಿಸರ್ಜನೆಗೆ ಕೂತರೆ ತೊಡೆ ನಡುಗುತ್ತದೆ. ಒಂದೇ ಕಡೆ ಕೂರಲಾಗದೆ ಸರಿಯುತ್ತಾ ಸರಿಯುತ್ತಾ ಮುಗಿಸುತ್ತದೆ. ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರೆ ಎದೆ, ಭುಜ ತುಂಬಿಕೊಂಡಿದ್ದರೂ ಹಿಂಭಾಗದ ಮಾಂಸ ಕರಗಿರುವುದು ಗೊತ್ತಾಗುತ್ತದೆ, ಏಕೆಂದರೆ ನಾಯಿ ತಿಂಗಳುಗಟ್ಟಲೆ ತನ್ನ ಭಾರವನ್ನು ಮುಂಗಾಲಿಗೆ ದಾಟಿಸಿಕೊಂಡು ಬಂದಿರುತ್ತದೆ. ಇಷ್ಟೆಲ್ಲ ಕಣ್ಣೆದುರೇ ನಡೆಯುತ್ತಿದ್ದರೂ ನಮ್ಮ ಮನೆಗಳಲ್ಲಿ ಬರುವ ಮಾತು ಒಂದೇ: ವಯಸ್ಸಾಯ್ತಲ್ಲ, ಏನು ಮಾಡೋದು. ಮುದಿ ನಾಯಿಯನ್ನು ನೋಡಿಕೊಳ್ಳುವ ನಮ್ಮ ಈಗಿನ ರೂಢಿಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಖರ್ಚಿಗೂ ಅಷ್ಟಾಗಿ ಕೊರತೆಯಿಲ್ಲ. ಕೊರತೆಯಿರುವುದು ನೋವನ್ನು ನೋಡುವುದರಲ್ಲಿ, ನೋಡಿದ್ದನ್ನು ಅಳೆಯುವುದರಲ್ಲಿ. ಈ ರೂಢಿಯ ಉಳಿದ ತಪ್ಪುಗಳೆಲ್ಲ ಹುಟ್ಟುವುದು ಅಲ್ಲಿಂದಲೇ ಎಂಬುದು ನನ್ನ ವಾದ.

ವಯಸ್ಸು ರೋಗವಲ್ಲ, ಸಂಧಿವಾತ ರೋಗ. ಕೀಲಿನೊಳಗೆ ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿ ಸವೆಯುತ್ತದೆ, ಒಳಪೊರೆ ಉರಿಯೂತದಿಂದ ಬಾತುಕೊಳ್ಳುತ್ತದೆ, ಅಂಚಿನಲ್ಲಿ ಹೊಸ ಮೂಳೆ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಹೀಗಾಗಲು ಬಹಳಷ್ಟು ನಾಯಿಗಳಲ್ಲಿ ಬೇರೆಯೇ ಕಾರಣವಿರುತ್ತದೆ: ಮರಿಯಿದ್ದಾಗಲೇ ಸೊಂಟದ ಅಥವಾ ಮೊಣಕೈಯ ಕೀಲು ಸರಿಯಾಗಿ ಕೂಡದೆ ಬೆಳೆದಿರಬಹುದು, ಮಂಡಿಯ ಒಳಗಿನ ಅಸ್ಥಿರಜ್ಜು ಹರಿದಿರಬಹುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಸೊಂಟದ ಈ ದೋಷ ವಂಶದಲ್ಲೇ ಹರಿದುಬರುತ್ತದೆ. ಅಂದರೆ ಹನ್ನೊಂದನೇ ವರ್ಷದಲ್ಲಿ ಕಂಡ ಕುಂಟು ಎರಡನೇ ವರ್ಷದಲ್ಲೇ ಶುರುವಾಗಿದ್ದಿರಬಹುದು. ನಾಯಿ ಹೇಳಲಿಲ್ಲ, ಅಷ್ಟೆ. ಬಾಗಿಲಿಗೆ ಬಾಲ ಸಿಕ್ಕಿದಾಗ ಕುಂಯ್ ಎನ್ನುವ ಪ್ರಾಣಿ ವರ್ಷಗಟ್ಟಲೆಯ ಕೀಲುನೋವಿಗೆ ಅಳುವುದಿಲ್ಲ. ಅದು ಮೆಟ್ಟಿಲ ಬುಡದಲ್ಲಿ ನಿಂತು ಯೋಚಿಸುತ್ತದೆ, ಮುಂಗೈಯ ಕೀಲನ್ನು ನೆಕ್ಕುತ್ತಿರುತ್ತದೆ, ಮಕ್ಕಳು ಸೊಂಟ ಮುಟ್ಟಿದರೆ ಗುರ್ ಎನ್ನುತ್ತದೆ, ಗೇಟು ಸದ್ದಾದರೂ ಮಲಗಿದಲ್ಲಿಂದಲೇ ಬಾಲ ಅಲ್ಲಾಡಿಸುತ್ತದೆ. ‘ಈಗ ತುಂಬ ಸಾಧು ಆಗಿದೆ’ ಎಂದು ಮನೆಯವರು ಸಂತೋಷಪಡುವ ನಾಯಿಗಳಲ್ಲಿ ಎಷ್ಟೋ ನಾಯಿಗಳು ಸಾಧುವಾಗಿರುವುದಿಲ್ಲ, ನೋವು ತಿನ್ನುತ್ತಿರುತ್ತವೆ.

ನೋವು ಗೊತ್ತಾದ ಮೇಲೂ ನಮ್ಮ ರೂಢಿಯ ಮೊದಲ ಹೆಜ್ಜೆ ಪೆಟ್ ಶಾಪಿನ ಡಬ್ಬಿಯ ಕಡೆಗೆ. ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಸೇರಿಸಿದ ಪುಡಿ, ಸಿರಪ್, ಬಿಸ್ಕತ್ತಿನ ರೂಪದ ಮಾತ್ರೆಗಳು ‘ಜಾಯಿಂಟ್ ಸಪ್ಲಿಮೆಂಟ್’ ಎಂಬ ಹೆಸರಿನಲ್ಲಿ ಮನೆ ಸೇರುತ್ತವೆ; ತಿಂಗಳು ತಿಂಗಳೂ ಕೊಳ್ಳುವವರಿದ್ದಾರೆ. ಇವು ಕೆಲಸ ಮಾಡುತ್ತವೆಯೇ? ನಾಯಿ, ಬೆಕ್ಕುಗಳ ಸಂಧಿವಾತಕ್ಕೆ ಕೊಡುವ ಇಂಥ ಪೂರಕಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ತೂಗಿದ ಪರಾಮರ್ಶೆಯೊಂದು 2022ರಲ್ಲಿ ಪ್ರಕಟವಾಯಿತು. ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ನೋವಿನ ಮೇಲೆ ಪರಿಣಾಮ ತೋರುವುದಿಲ್ಲ, ಇವನ್ನು ಇನ್ನು ಮುಂದೆ ಸಲಹೆ ಮಾಡಬಾರದು ಎಂಬ ಮಟ್ಟಿಗೆ ಅದರ ತೀರ್ಮಾನ ಸ್ಪಷ್ಟವಾಗಿತ್ತು. ಅದೇ ಪರಾಮರ್ಶೆಯಲ್ಲಿ ಒಮೇಗಾ-3 ಕೊಬ್ಬಿನಾಮ್ಲ ಹೆಚ್ಚಿರುವ ಆಹಾರಕ್ಕೆ ಭರವಸೆಯ ಫಲಿತಾಂಶವಿತ್ತು. ಹಾಗಿದ್ದೂ ನಮ್ಮಲ್ಲಿ ಮೀನೆಣ್ಣೆ ಹಿಂದೆ, ಪುಡಿ ಮುಂದೆ.

ಇದಕ್ಕೆ ಬರುವ ಆಕ್ಷೇಪ ಊಹಿಸಲು ಕಷ್ಟವಲ್ಲ: ಪುಡಿ ಕೊಟ್ಟ ಮೇಲೆ ನಮ್ಮ ನಾಯಿ ಓಡಾಡತೊಡಗಿತು, ಕಣ್ಣಾರೆ ಕಂಡಿದ್ದೇವೆ, ಪ್ರಯೋಗ ಏನಾದರೂ ಹೇಳಲಿ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಕೀಲುನೋವು ಏರಿಳಿಯುತ್ತ ಸಾಗುವ ನೋವು. ನಾವು ಮದ್ದು ಹುಡುಕಿಕೊಂಡು ಹೋಗುವುದು ಅದು ತೀರಾ ಹೆಚ್ಚಾದ ದಿನಗಳಲ್ಲಿ. ಎರಡು ವಾರ ಕಳೆದರೆ ಮದ್ದಿಲ್ಲದೆಯೂ ಸ್ವಲ್ಪ ಇಳಿದಿರುತ್ತದೆ. ಅದರ ಜೊತೆಗೆ ಇನ್ನೊಂದು ಸಂಗತಿಯಿದೆ. ಸಂಧಿವಾತವಿದ್ದ, ಮದ್ದೇ ಇಲ್ಲದ ಹುಸಿಮಾತ್ರೆ ಪಡೆದ ನಾಯಿಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾಲು ನೆಲಕ್ಕೆ ಊರುವ ಬಲವನ್ನು ಯಂತ್ರದಿಂದ ಅಳೆದು, ಆ ಅಳತೆಯ ಪಕ್ಕದಲ್ಲಿ ಮಾಲೀಕರ ಮತ್ತು ಪಶುವೈದ್ಯರ ಅಭಿಪ್ರಾಯವನ್ನಿಟ್ಟು ನೋಡಿದರು. ಯಂತ್ರ ಬದಲಾವಣೆಯಿಲ್ಲ ಎಂದಲ್ಲೂ ಮಾಲೀಕರು ಹಲವು ಸಲ ಸುಧಾರಿಸಿದೆ ಎಂದಿದ್ದರು. ಪಳಗಿದ ಕಣ್ಣಿನ ಪಶುವೈದ್ಯರೂ ಇದಕ್ಕೆ ಹೊರತಾಗಿರಲಿಲ್ಲ. ಮನುಷ್ಯರ ಚಿಕಿತ್ಸೆಯಲ್ಲಿ ಹುಸಿಮಾತ್ರೆಯ ಸಮಾಧಾನ ರೋಗಿಗೇ ಸಿಗುತ್ತದೆ. ನಾಯಿಯ ಚಿಕಿತ್ಸೆಯಲ್ಲಿ ಅದು ಸಿಗುವುದು ನಮಗೆ, ನೋವು ಮಾತ್ರ ನಾಯಿಯ ಬಳಿಯೇ ಉಳಿಯುತ್ತದೆ. ಪುಡಿಯಿಂದ ಅಪಾಯವೇನಿಲ್ಲವಲ್ಲ ಎನ್ನುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಏನೋ ಮಾಡುತ್ತಿದ್ದೇವೆ ಎಂಬ ನೆಮ್ಮದಿಯಲ್ಲಿ ಆರು ತಿಂಗಳು ಕಳೆದುಹೋದರೆ, ಆ ಆರು ತಿಂಗಳ ನೋವೇ ಅದರ ಬೆಲೆ.

ಇನ್ನು ತೂಕ. ಇಲ್ಲಿರುವಷ್ಟು ಗಟ್ಟಿಯಾದ ಸಾಕ್ಷ್ಯ ಈ ವಿಷಯದಲ್ಲಿ ಬೇರೆಲ್ಲೂ ಇಲ್ಲ. ಅಮೆರಿಕದ ಪ್ಯೂರಿನಾ ಕಂಪನಿಯ ಸಂಶೋಧಕರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದು ತಿಂದದ್ದಕ್ಕಿಂತ ಶೇ. 25 ಕಡಿಮೆ ಆಹಾರ ಕೊಡುತ್ತಾ ಸಾಯುವವರೆಗೂ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದ ಗುಂಪಿನದು 11.2 ವರ್ಷ. ಅದಕ್ಕಿಂತ ದೊಡ್ಡ ಸಂಗತಿ ಕೀಲಿನದು: ಗುಂಪಿನ ಅರ್ಧದಷ್ಟು ನಾಯಿಗಳಿಗೆ ಸಂಧಿವಾತದ ಚಿಕಿತ್ಸೆ ಬೇಕಾದ ವಯಸ್ಸು ಹೆಚ್ಚು ತಿಂದವುಗಳಲ್ಲಿ 10.3, ಕಡಿಮೆ ತಿಂದವುಗಳಲ್ಲಿ 13.3. ಒಂದೇ ತಳಿ, ಒಂದೇ ಸೂಲಿನ ಮರಿಗಳು, ಮೂರು ವರ್ಷದ ಅಂತರ. ಇದು ನಾಯಿ ಆಹಾರ ಮಾರುವ ಕಂಪನಿ ಮಾಡಿಸಿದ ಅಧ್ಯಯನ, ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ಆಹಾರ ಮಾರುವವರೇ ಕಡಿಮೆ ಆಹಾರ ಒಳ್ಳೆಯದೆಂದು ಕಂಡುಕೊಂಡ ಕಾರಣಕ್ಕೆ ನಾನು ಅದನ್ನು ಇನ್ನಷ್ಟು ನಂಬುತ್ತೇನೆ. ತಡವಾಗಿ ತೂಕ ಇಳಿಸಿದರೂ ಪ್ರಯೋಜನವಿದೆ. ದಪ್ಪಗಾದ, ಕುಂಟುತ್ತಿದ್ದ ನಾಯಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ದೇಹತೂಕ ಶೇ. 6ರಷ್ಟು ಇಳಿಯುತ್ತಿದ್ದಂತೆ ಕುಂಟು ಕಡಿಮೆಯಾದದ್ದು ಕಂಡುಬಂತು. ಮೂವತ್ತೈದು ಕಿಲೋ ನಾಯಿಗೆ ಅದು ಎರಡು ಕಿಲೋ ಚಿಲ್ಲರೆ. ಕೊಬ್ಬು ಸುಮ್ಮನೆ ಕೂತ ಹೊರೆಯೂ ಅಲ್ಲ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ತಾನೇ ಉತ್ಪಾದಿಸುತ್ತದೆ.

ಹಾಗಿದ್ದರೂ ನಮ್ಮ ಮನೆಗಳಲ್ಲಿ ತೂಕದ ಮಾತು ಎತ್ತಿದರೆ ನೋಯುವವರು ಮನೆಯವರು. ಬೆಳಗಿನ ಕಾಫಿ ಜೊತೆಗಿನ ಮೇರಿ ಬಿಸ್ಕತ್ತು, ಅಜ್ಜಿ ಕೈಯಿಂದ ಬೀಳುವ ದೋಸೆಯ ಚೂರು, ರಾತ್ರಿ ಉಳಿದ ಮೊಸರನ್ನ, ಹಬ್ಬದ ದಿನದ ಹೋಳಿಗೆ, ಇವೆಲ್ಲ ಆ ನಾಯಿಯೊಂದಿಗೆ ಮನೆ ಮಾತಾಡುವ ಭಾಷೆ. ‘ಇನ್ನೆಷ್ಟು ದಿನ ಇರುತ್ತೆ ಪಾಪ, ತಿನ್ನಲಿ ಬಿಡಿ’ ಎನ್ನುವುದರಲ್ಲಿ ನಿಜವಾದ ಅಕ್ಕರೆಯಿದೆ. ಅದು ತಪ್ಪು ದಾರಿ ಹಿಡಿದ ಅಕ್ಕರೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಬಾಯಿಗೆ ಕೊಟ್ಟ ಸುಖ ಅರ್ಧ ನಿಮಿಷದ್ದು, ಅದರ ಭಾರ ಹೊರುವುದು ಸೊಂಟ ಮತ್ತು ಮಂಡಿ, ದಿನವಿಡೀ. ಕೊಡುವ ಕೈಯನ್ನು ಕಟ್ಟಿಹಾಕಬೇಕಿಲ್ಲ. ಬಿಸ್ಕತ್ತಿನ ಜಾಗಕ್ಕೆ ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ ಬಂದರೂ ಹೆಚ್ಚಿನ ನಾಯಿಗಳು ಅಷ್ಟೇ ಹಿಗ್ಗಿನಿಂದ ತಿನ್ನುತ್ತವೆ. ಕೊಡುವುದನ್ನು ತಿಂಗಳಿಗೊಮ್ಮೆ ತೂಕದ ಅಂಕಿಯ ಎದುರು ಇಟ್ಟು ನೋಡಬೇಕು, ಅಷ್ಟೆ.

ಔಷಧದ ವಿಷಯದಲ್ಲಿ ಒಂದೇ ಮನೆಯಲ್ಲಿ ಎರಡು ತದ್ವಿರುದ್ಧ ತಪ್ಪುಗಳು ನಡೆಯುತ್ತವೆ. ಪಶುವೈದ್ಯರು ಬರೆದುಕೊಟ್ಟ ಮೆಲಾಕ್ಸಿಕಾಮ್ ಅಥವಾ ಕಾರ್ಪ್ರೊಫೆನ್ ಕಂಡರೆ ‘ಪೇನ್ ಕಿಲ್ಲರ್ ಕಿಡ್ನಿ ತಿಂದುಬಿಡುತ್ತೆ’ ಎಂದು ಮೂರನೇ ದಿನಕ್ಕೇ ನಿಲ್ಲಿಸುತ್ತಾರೆ. ಅದೇ ಮನೆಯಲ್ಲಿ ನಾಯಿ ರಾತ್ರಿ ನರಳಿದರೆ ಯಜಮಾನರ ಬೆನ್ನುನೋವಿನ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆ ಬೆಲ್ಲದಲ್ಲಿ ಸುತ್ತಿ ಬಾಯಿಗೆ ಹೋಗುತ್ತದೆ. ಎರಡನೆಯದು ಕೊಲ್ಲಬಲ್ಲದು: ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿ ವೈಫಲ್ಯ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಲಿವರ್ ಕೆಡುತ್ತದೆ. ಡೈಕ್ಲೋಫೆನಾಕ್ ಬಗ್ಗೆ ಕರ್ನಾಟಕದವರಿಗೆ ಹೇಳಲೇಬೇಕಾದ ಒಂದು ಮಾತಿದೆ. ಆ ಮದ್ದು ಪಡೆದು ಸತ್ತ ದನಗಳನ್ನು ತಿಂದು ರಣಹದ್ದುಗಳು ಕಿಡ್ನಿ ಕೆಟ್ಟು ಸಾಲುಸಾಲಾಗಿ ಸತ್ತ ಮೇಲೆ 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳಿಗೆಂದೇ ವನ್ಯಧಾಮ ಮಾಡಿದ್ದು ಆ ನಷ್ಟ ಕಂಡ ಮೇಲೆ. ಹದ್ದುಗಳಿಗೆ ಸುರಕ್ಷಿತ ಎಂದು ಆಗ ಸಾಬೀತಾದ ಬದಲಿ ಮದ್ದು ಇದೇ ಮೆಲಾಕ್ಸಿಕಾಮ್.

ಹಾಗೆಂದು ನಾಯಿಗೆಂದೇ ಇರುವ ನೋವುನಿವಾರಕ ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಅದರ ಅಪಾಯ ಗೊತ್ತಿರುವಂಥದ್ದು, ಆದ್ದರಿಂದಲೇ ಕಣ್ಣಿಟ್ಟು ತಡೆಯಬಹುದಾದದ್ದು. ಶುರುಮಾಡುವ ಮೊದಲು ಕಿಡ್ನಿ, ಲಿವರ್‌ಗಳ ರಕ್ತಪರೀಕ್ಷೆ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಪರೀಕ್ಷೆ. ಜೊತೆಗೆ ಸ್ಟಿರಾಯ್ಡ್ ಕೊಡದಿರುವುದು. ವಾಂತಿ, ಊಟ ಬಿಡುವುದು, ಕಪ್ಪು ಮಲ ಕಂಡರೆ ತಕ್ಷಣ ನಿಲ್ಲಿಸಿ ಫೋನ್ ಮಾಡುವುದು. ಅಳೆಯುವವರಿಗೆ ಮದ್ದಿನ ಭಯ ಹಿಡಿತದಲ್ಲಿರುತ್ತದೆ. ಹೊಸ ಮದ್ದುಗಳ ವಿಷಯವೂ ಹೀಗೆಯೇ. ನರಗಳಿಗೆ ನೋವಿನ ಸಂಕೇತ ಮುಟ್ಟಿಸುವ ಒಂದು ಪ್ರೋಟೀನನ್ನು ತಡೆಯುವ ಬೆಡಿನ್ವೆಟ್‌ಮ್ಯಾಬ್ ಎಂಬ ತಿಂಗಳಿಗೊಮ್ಮೆಯ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಅನುಮತಿ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ ನಡಿಗೆಯ ತೂರಾಟ, ಫಿಟ್ಸ್ ಮುಂತಾದ ದುಷ್ಪರಿಣಾಮಗಳು ವರದಿಯಾಗಿವೆ ಎಂದು ಪಶುವೈದ್ಯರಿಗೆ ಪತ್ರ ಬರೆದು ಎಚ್ಚರಿಸಿತು. ಪವಾಡವೆಂದು ಕುಣಿದವರೂ ವಿಷವೆಂದು ಕಿರುಚಿದವರೂ ತಮ್ಮ ನಾಯಿಯ ಲೆಕ್ಕ ಇಟ್ಟಿರಲಿಲ್ಲ.

ನೆಲದ ಮಾತು ಹೆಚ್ಚು ಬೆಳೆಸುವಂಥದ್ದಲ್ಲ, ಏಕೆಂದರೆ ಪರಿಹಾರ ಸುಲಭ. ಹೊಳೆಯುವ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ತೆಂಗಿನನಾರಿನ ಚಾಪೆ ಅಥವಾ ರಬ್ಬರ್ ಮ್ಯಾಟ್ ಹಾಸಿ, ಉಗುರು ಮತ್ತು ಅಂಗಾಲಿನ ಕೂದಲು ಕತ್ತರಿಸಿ, ಭಾನುವಾರದ ಒಂದು ಉದ್ದನೆಯ ವಾಕಿಂಗಿನ ಬದಲು ದಿನಕ್ಕೆ ಎರಡು ಮೂರು ಸಲ ಚಿಕ್ಕದಾಗಿ ನಡೆಸಿದರೆ ನಾಯಿ ಎಷ್ಟೋ ಸಲ ಜಾರುವುದು ತಪ್ಪುತ್ತದೆ. ಜಾರಿದ ಕಾಲು ಒದ್ದುಕೊಳ್ಳುವ ಆ ಕ್ಷಣದಲ್ಲೇ ಸವೆದ ಕೀಲು ಇನ್ನಷ್ಟು ಹಾಳಾಗುವುದು.

ದುಡ್ಡಿನ ಆಕ್ಷೇಪ ನ್ಯಾಯವಾದದ್ದು. ಎಕ್ಸ್-ರೇ, ರಕ್ತಪರೀಕ್ಷೆ, ತಿಂಗಳ ಮಾತ್ರೆ ಎಲ್ಲರಿಗೂ ಎಟಕುವುದಿಲ್ಲ. ಆದರೆ ತೂಕ ಇಳಿಸಲು ಖರ್ಚು ಬೇಕಿಲ್ಲ, ಉಳಿತಾಯವೇ ಆಗುತ್ತದೆ. ಚಾಪೆಗೆ ಹೆಚ್ಚು ಬೇಕಿಲ್ಲ. ಪುಡಿಗೆ ಹಾಕುವ ದುಡ್ಡನ್ನು ರಕ್ತಪರೀಕ್ಷೆಯ ಕಡೆಗೆ ತಿರುಗಿಸಬಹುದು. ಹಿಂದಿನ ಕಾಲದ ನಾಯಿಗಳು ಇದೆಲ್ಲ ಇಲ್ಲದೆ ಬದುಕಲಿಲ್ಲವೇ ಎನ್ನುವವರಿಗೆ ನನ್ನ ಉತ್ತರ ಬೇರೆ. ತೋಟ ಕಾಯುತ್ತಿದ್ದ ನಾಯಿ ದಿನವಿಡೀ ಮಣ್ಣಿನ ಮೇಲೆ ಓಡಾಡುತ್ತಿತ್ತು, ಎರಡು ಹೊತ್ತು ಮುದ್ದೆ ತಿಂದು ಸಪೂರವಾಗಿತ್ತು, ಬಹಳಷ್ಟು ಸಲ ಮುದಿಯಾಗುವ ಮೊದಲೇ ಸತ್ತಿತ್ತು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹನ್ನೆರಡು ವರ್ಷ ಬದುಕುವ ಭಾರದ ತಳಿಯನ್ನು ಆರಿಸಿ ತಂದವರು ನಾವು. ಆ ಹನ್ನೆರಡರ ಕೊನೆಯ ಮೂರು ವರ್ಷದ ಹೊಣೆಯೂ ಆ ಆಯ್ಕೆಯ ಜೊತೆಗೇ ಬಂದದ್ದು.

ಅಳೆಯುವುದೆಂದರೆ ಯಂತ್ರವೇ ಬೇಕಿಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಪಶುವೈದ್ಯರು ರೂಪಿಸಿದ ದೀರ್ಘಕಾಲದ ನೋವಿನ ಸೂಚ್ಯಂಕದಲ್ಲಿರುವುದು ಮನೆಯವರು ಉತ್ತರಿಸುವ 11 ಪ್ರಶ್ನೆಗಳು: ನಾಯಿಯ ಮೂಡ್ ಹೇಗಿದೆ, ಆಟಕ್ಕೆ ಬರುತ್ತದೆಯೇ, ಮಲಗಲು ಕಷ್ಟವೇ, ಏಳಲು ಕಷ್ಟವೇ, ದಣಿದ ಮೇಲೆ ಹೇಗೆ ಓಡಾಡುತ್ತದೆ, ಇಂಥವು. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 44. ಎರಡು ವಾರಕ್ಕೊಮ್ಮೆ ತುಂಬಿಟ್ಟರೆ ಮದ್ದು ಕೆಲಸ ಮಾಡಿತೋ ಇಲ್ಲವೋ ಎಂಬುದು ನಮ್ಮ ಆಸೆಯನ್ನು ಅವಲಂಬಿಸುವುದು ಕಡಿಮೆಯಾಗುತ್ತದೆ. ಪೂರ್ತಿ ತಪ್ಪುವುದಿಲ್ಲ ನಿಜ, ಉತ್ತರಿಸುವವರು ನಾವೇ. ಆದರೆ ಮೂರು ತಿಂಗಳ ಹಿಂದೆ ನಮ್ಮ ಕೈಯಲ್ಲೇ ಬರೆದ ಅಂಕಿಯನ್ನು ನೆನಪು ತಿದ್ದಲಾರದು. ಅದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಅಚ್ಚುಹಾಕಿ ಕೊಡುವುದು ಯಾವ ಕ್ಲಿನಿಕ್ಕಿಗೂ ಹೊರೆಯಲ್ಲ.

ಪ್ರೀತಿಸುವ ಪ್ರಾಣಿಯನ್ನು ಅಂಕಿಗೆ ಇಳಿಸುವುದು ನಿರ್ದಯ ಎಂಬ ಮಾತು ಇಲ್ಲಿಯೇ ಏಳುತ್ತದೆ, ಅದರಲ್ಲೂ ಕೊನೆಯ ನಿರ್ಧಾರದ ಹೊತ್ತಿಗೆ. ದಯಾಮರಣದ ಬಗ್ಗೆ ನಮ್ಮಲ್ಲಿ ಆಳವಾದ ಹಿಂಜರಿಕೆಯಿದೆ, ಕರ್ಮದ ಭಯವಿದೆ. ಅದನ್ನು ನಾನು ಗೌರವಿಸುತ್ತೇನೆ; ನಾಯಿ ತಾನಾಗಿ ಹೋಗಲಿ ಎಂದು ಕಾಯುವ ಮನೆಗೂ ಹಕ್ಕಿದೆ. ಆದರೆ ಅಂಕಿ ಇಡದ ಮನೆಗಳಲ್ಲಿ ಆ ನಿರ್ಧಾರ ನಡೆಯುವುದು ಎರಡೇ ರೀತಿ: ನಾಯಿ ವಾರಗಟ್ಟಲೆ ಏಳಲಾಗದೆ, ಮೂತ್ರದಲ್ಲೇ ಮಲಗಿ, ಚರ್ಮ ಹುಣ್ಣಾದ ಮೇಲೆ, ಅಥವಾ ಒಂದು ಕೆಟ್ಟ ರಾತ್ರಿಯ ಗಾಬರಿಯಲ್ಲಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ ರೂಪಿಸಿದ ಮಾಪನದಲ್ಲಿ ನೋವು, ಹಸಿವು, ನೀರು, ಸ್ವಚ್ಛತೆ, ಸಂತೋಷ, ಓಡಾಟಗಳ ಜೊತೆಗೆ ಏಳನೆಯ ಪ್ರಶ್ನೆಯೊಂದಿದೆ: ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ? ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುತ್ತ ಬಂದವರಿಗೆ ಈ ಪ್ರಶ್ನೆಗೆ ಉತ್ತರ ಇರುತ್ತದೆ, ಮತ್ತು ಕಾಯುವವರಾದರೂ ಕೊನೆಗೊಳಿಸುವವರಾದರೂ ನೋವುನಿವಾರಕ ಸಾಲುತ್ತಿಲ್ಲ ಎಂಬುದು ಸಕಾಲದಲ್ಲಿ ಗೊತ್ತಾಗುತ್ತದೆ. ಈ ಮಾತನ್ನು ಮೊದಲು ಎತ್ತಬೇಕಾದವರು ಪಶುವೈದ್ಯರು. ನಾಯಿ ಇನ್ನೂ ತಾನೇ ನಡೆದು ಕ್ಲಿನಿಕ್ಕಿಗೆ ಬರುತ್ತಿರುವಾಗ, ಮನೆಯವರ ಮನಸ್ಸು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುವಾಗ.