ರಾಶಿಯೊಳಗಿನ ತೇವ

ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಕೊಳ್ಳುವಾಗ ಮೇಲಿನದನ್ನು ಸರಿಸಿ ಬುಟ್ಟಿಯ ತಳ ನೋಡುವುದು ನಮಗೆಲ್ಲ ರೂಢಿ. ಕಾನೂನು ಕೂಡ ಕೊಳ್ಳುವವನಿಂದ ಇದನ್ನೇ ನಿರೀಕ್ಷಿಸುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಂತೆ ಸುಳ್ಳನ್ನು ನಿಜವೆಂದು ನಂಬಿಸುವುದು ವಂಚನೆ. ಆದರೆ ದೋಷ ಗೊತ್ತಿದ್ದೂ ಸುಮ್ಮನಿರುವುದು, ಹೇಳಲೇಬೇಕಾದ ಹೊಣೆ ಇಲ್ಲದಿದ್ದರೆ, ಸಾಮಾನ್ಯವಾಗಿ ವಂಚನೆಯಲ್ಲ. ಹೊಣೆ ಇದ್ದವನ ಮೌನದಿಂದ ಮೋಸಹೋದರೂ, ಸಾಧಾರಣ ಎಚ್ಚರದಿಂದ ನಿಜ ತಿಳಿಯಬಹುದಿತ್ತು ಎಂದಾದರೆ ಕರಾರು ರದ್ದುಪಡಿಸಲು 19ನೇ ಕಲಮು ಬಿಡುವುದಿಲ್ಲ.

ಹಣ್ಣಿನ ಬುಟ್ಟಿಗೆ ಈ ನ್ಯಾಯ ಸಾಕು. ಆದರೆ ಈ ಮಾರುಕಟ್ಟೆಗೆ ಸಮೀಪದ ಲೇಡಿ ಕರ್ಜನ್ ರಸ್ತೆಯಲ್ಲಿ ಐಎಂಎ ಸಂಸ್ಥೆ ಮಾರಿದ ಸರಕು ತಿರುಗಿಸಿ ನೋಡುವಂಥದ್ದಾಗಿರಲಿಲ್ಲ. ಬಡ್ಡಿಯಿಲ್ಲದ ಹಲಾಲ್ ವ್ಯವಹಾರ, ತಿಂಗಳು ತಿಂಗಳೂ ಲಾಭಾಂಶ ಎಂದು ಹೇಳಿ ಅದು ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದಾಗ ದೂರು ಹಿಡಿದು ಸಾಲುನಿಂತವರು ಹತ್ತಾರು ಸಾವಿರ. ಸುಮಾರು 4,000 ಕೋಟಿ ರೂಪಾಯಿಯ ವಂಚನೆ ಎಂಬುದು ಸಿಬಿಐ ಆರೋಪ.

"ದುರಾಸೆ ಪಟ್ಟರು, ವಿಚಾರಿಸಿ ಕೊಡಬೇಕಿತ್ತು" ಎಂಬ ಮಾತು ಆಗ ಸಲೀಸಾಗಿ ಹರಿದಾಡಿತು. ಆದರೆ ವಿಚಾರಿಸಬೇಕಾದವರು ಯಾರು? ಠೇವಣಿದಾರರ ಹಿತ ಕಾಯಲು ಕರ್ನಾಟಕದಲ್ಲಿ 2004ರ ಕಾಯ್ದೆಯೇ ಇತ್ತು. ಹಣ ಕೊಟ್ಟವರನ್ನು ಕಾಗದದ ಮೇಲೆ ಪಾಲುದಾರರೆಂದು ತೋರಿಸಲಾಗಿತ್ತು. ಸಂಸ್ಥೆಗೆ ಅನುಕೂಲವಾದ ವರದಿಗಾಗಿ ಲಂಚ ಪಡೆದ ಆರೋಪದಲ್ಲಿ 2019ರ ಜುಲೈಯಲ್ಲಿ ಕಂದಾಯ ಅಧಿಕಾರಿಗಳ ಬಂಧನವೂ ಆಯಿತು. ಕಡತ ತರಿಸಿಕೊಳ್ಳುವ ಅಧಿಕಾರವಿದ್ದಲ್ಲೇ ಹೀಗಾದರೆ, ಟ್ಯಾನರಿ ರಸ್ತೆಯಲ್ಲಿ ಬಟ್ಟೆ ಹೊಲಿದು ಮಗಳ ಮದುವೆಗೆಂದು ಹಣ ಕೂಡಿಟ್ಟ ತಾಯಿ ಯಾವ ಲೆಕ್ಕಪುಸ್ತಕ ತೆರೆದು ನೋಡಬೇಕಿತ್ತು?

ವಂಚನೆಗೆ ಶಿಕ್ಷೆಯಿಲ್ಲವೆಂದಲ್ಲ. ಹಳೆಯ ದಂಡಸಂಹಿತೆಯ 420ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಏಳು ವರ್ಷದವರೆಗೆ ಸಜೆ ಹೇಳುತ್ತವೆ. ಆದರೆ ಶಿಕ್ಷೆ ಬರುವುದು ಹಣ ಮುಳುಗಿದ ಮೇಲೆ.

ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿವರ್ಯರಿಗೆ(ಸ) ತೇವ ತಗುಲಿತು. ಮಳೆಗೆ ನೆನೆಯಿತೆಂದ ವ್ಯಾಪಾರಿಯನ್ನು, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ಪ್ರಶ್ನೆ ಮಾರುವವನಿಗೆ, ಕೊಳ್ಳುವವನಿಗಲ್ಲ. ಪರರ ಹಣ ಪಡೆಯುವವನು ಕೇಳುವ ಮೊದಲೇ ಲೆಕ್ಕ ತೆರೆದಿಡಬೇಕೆಂಬ ಈ ನೀತಿ ಕಾನೂನಿಗೂ ಬೇಕು, ಸಮುದಾಯಕ್ಕೂ ಬೇಕು. ಹಲಾಲ್ ಎಂಬ ಫಲಕ ಕಂಡೊಡನೆ ಲೆಕ್ಕ ಕೇಳುವುದನ್ನು ಮರೆತ ನಾವು, ಮುಳುಗಿದವರನ್ನು ದುರಾಸೆಯವರೆಂದು ಕರೆಯುವ ಮುನ್ನ ಒಮ್ಮೆ ನಾಚಿಕೊಳ್ಳಬೇಕು.